ವುಲ್ವರೀನ್‌ಗಿಂತ ಮೂಸ್‌ಗೆ ಹೆದರಿ

ಜೂನ್‌ನಲ್ಲಿ ಅಲಾಸ್ಕಾದ ಡೆನಾಲಿ ರಾಷ್ಟ್ರೀಯ ಉದ್ಯಾನದಲ್ಲಿ ಟೆಂಟ್ ಹಾಕಿ ಮಲಗುವಾಗ ಕರಡಿಗಿಂತ ವುಲ್ವರೀನ್ ಎಂಬ ಮಾಂಸಾಹಾರಿ ಪ್ರಾಣಿಗೇ ಹೆಚ್ಚು ಹೆದರಬೇಕೇ ಎಂದು ಕೇಳಿದ್ದೀರಿ. ಬೇಡವೇ ಬೇಡ. ವುಲ್ವರೀನ್ ಕಣ್ಣಿಗೆ ಬಿದ್ದರೆ ನಿಮ್ಮ ಭಾಗ್ಯ ಎಂದುಕೊಳ್ಳಿ. ಒಂದೊಂದು ಗಂಡೂ ನೂರಾರು ಚದರ ಕಿಲೋಮೀಟರ್ ಜಾಗದಲ್ಲಿ ಒಂಟಿಯಾಗಿ ಅಲೆಯುತ್ತದೆ, ಮನುಷ್ಯರ ಸುಳಿವು ಸಿಕ್ಕರೆ ದೂರ ಸರಿಯುತ್ತದೆ.

ಅದರ ಶಕ್ತಿಯ ಬಗ್ಗೆ ಕೇಳಿದ್ದು ಸುಳ್ಳಲ್ಲ. ನಮ್ಮ ನೀರುನಾಯಿಯ ಕುಟುಂಬದ್ದೇ ಪ್ರಾಣಿ. ಹದಿನೈದು ಕೆಜಿ ಆಸುಪಾಸಿನ ಗಂಡು, ಆಳವಾದ ಹಿಮದಲ್ಲಿ ಸಿಕ್ಕಿಬಿದ್ದ ಹಿಮಸಾರಂಗವನ್ನೇ ಕೆಡವಬಲ್ಲದು. ಹೆಪ್ಪುಗಟ್ಟಿದ ಮಾಂಸವನ್ನು ಸೀಳಲು ಅದರ ಮೇಲ್ದವಡೆಯ ಹಿಂದಿನ ಹಲ್ಲು ಒಳಮುಖವಾಗಿ ಅಡ್ಡ ತಿರುಗಿದೆ. ಎಂಥ ಅದ್ಭುತ ರಚನೆ! ಆದರೂ ಹೆಚ್ಚಾಗಿ ತಿನ್ನುವುದು ಸತ್ತ ಪ್ರಾಣಿಗಳನ್ನೇ. ತೋಳಗಳ ಗುಂಪು ಎದುರಾದರೆ ಅದೇ ಸಾಯುವುದುಂಟು.

ನನಗೆ ನಿಜವಾಗಿ ಚಿಂತೆಯಾಗುವುದು ಮೂಸ್ ಎಂಬ ದೈತ್ಯ ಜಿಂಕೆಯ ಬಗ್ಗೆ. ಅಲಾಸ್ಕಾದಲ್ಲಿ ಕರಡಿಗಿಂತ ಹೆಚ್ಚು ಜನರನ್ನು ಗಾಯಗೊಳಿಸುವುದು ಅದು. ಜೂನ್‌ನಲ್ಲಿ ತಾಯಿಯ ಜೊತೆ ಎಳೆ ಕರು ಇರುತ್ತದೆ. ಆ ತಾಯಿ ಮೂಸ್ ಕಿವಿ ಹಿಂದಕ್ಕೆ ಮಡಿಸಿ, ಬೆನ್ನಿನ ಕೂದಲು ನಿಮಿರಿಸಿದರೆ ಓಡಿ ಮರದ ಹಿಂದೆ ಸೇರಿಕೊಳ್ಳಿ. ಕರಡಿ ಎದುರಾದರೆ ಮಾತ್ರ ಓಡಲೇಬೇಡಿ. 2012ರಲ್ಲಿ ಡೆನಾಲಿಯಲ್ಲೇ ಒಬ್ಬ ಚಾರಣಿಗ ಗ್ರಿಜ್ಲಿ ಕರಡಿಗೆ ಬಲಿಯಾದ, ಹತ್ತಿರದಿಂದ ಅದರ ಫೋಟೋ ತೆಗೆಯುತ್ತಿದ್ದಾಗ. ಊಟವನ್ನು ಕರಡಿ ತೆರೆಯಲಾಗದ ಡಬ್ಬಿಯಲ್ಲಿಟ್ಟು, ಟೆಂಟ್‌ನಿಂದ ಸುಮಾರು ನೂರು ಮೀಟರ್ ದೂರವಿಡಿ. ವುಲ್ವರೀನ್ ವಿಷಯದಲ್ಲೂ ಅಷ್ಟು ಎಚ್ಚರಿಕೆ ಸಾಕು.