ಕ್ರೋಮಿಯಂನಲ್ಲಿ ಓಟಿಟಿ ಯಾಕೆ ಓಡಲ್ಲ, ಫೈರ್‌ಫಾಕ್ಸ್‌ನಲ್ಲಿ ಯಾಕೆ ಮಸುಕು

ನಮಸ್ಕಾರ ಸರ್. ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಅಪ್ಪನಿಗೆ ಕೊಟ್ಟಿದ್ದೀರಿ, ಕ್ರೋಮಿಯಂನಲ್ಲಿ (ಗೂಗಲ್ ಕ್ರೋಮ್‌ಗೆ ಆಧಾರವಾದ ಬ್ರೌಸರ್) ಯೂಟ್ಯೂಬ್ ಚೆನ್ನಾಗಿ ಬರುತ್ತದೆ, ದುಡ್ಡು ಕಟ್ಟಿದ ಓಟಿಟಿ ಮಾತ್ರ ಎರರ್ ಕೊಡುತ್ತದೆ, ಫೈರ್‌ಫಾಕ್ಸ್‌ನಲ್ಲಿ ಓಡಿದರೂ ಚಿತ್ರ ಮಸುಕು ಅಂದಿದ್ದೀರಿ. ನಿಮ್ಮ ಪ್ರಶ್ನೆಗೆ ಕೆಲವರು ಗ್ರಾಫಿಕ್ಸ್ ಡ್ರೈವರ್ ಬದಲಾಯಿಸಿ ಅಂತ ಹೇಳಿದ್ದಾರೆ. ಅದನ್ನು ಮುಟ್ಟಬೇಡಿ. ಯೂಟ್ಯೂಬ್ 1080ರಲ್ಲಿ ಸಲೀಸಾಗಿ ಓಡುತ್ತಿದೆ ಅಂದರೆ ಡ್ರೈವರ್, ನೆಟ್ ಎರಡೂ ಸರಿಯಾಗಿವೆ.

ವ್ಯತ್ಯಾಸ ಇರುವುದು ವಿಡಿಯೋದಲ್ಲಿ. ಯೂಟ್ಯೂಬ್‌ನ ಮಾಮೂಲಿ ವಿಡಿಯೋಗಳಿಗೆ ಡಿಆರ್‌ಎಂ, ಅಂದರೆ ಕಾಪಿ ಮಾಡದಂತೆ ತಡೆಯುವ ಬೀಗ, ಇರುವುದಿಲ್ಲ. ಓಟಿಟಿ ಸಿನಿಮಾ ಎನ್‌ಕ್ರಿಪ್ಟ್ ಆಗಿ ಬರುತ್ತದೆ, ಅದನ್ನು ಬಿಡಿಸುವ ಕೀ ಬೇರೆಯಾಗಿ ಲೈಸೆನ್ಸ್ ಸರ್ವರ್‌ನಿಂದ ಬರುತ್ತದೆ. ಆ ಕೀಯನ್ನು ತೆಗೆದುಕೊಂಡು ಬೀಗ ತೆಗೆಯುವ ತುಣುಕಿಗೆ ಸಿಡಿಎಂ ಅಂತಾರೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವುದು ಗೂಗಲ್‌ನ ವೈಡ್‌ವೈನ್. ಅದರ ಸೋರ್ಸ್ ಕೋಡ್ ಯಾರಿಗೂ ಸಿಗುವುದಿಲ್ಲ. ಕ್ರೋಮಿಯಂ ಪೂರ್ತಿ ತೆರೆದ ಕೋಡ್ (ಓಪನ್ ಸೋರ್ಸ್), ಡಿಸ್ಟ್ರೋದವರು, ಅಂದರೆ ಲಿನಕ್ಸ್ ಆವೃತ್ತಿಗಳನ್ನು ಹೊರತರುವವರು, ಅದನ್ನು ತಾವೇ ಕಂಪೈಲ್ ಮಾಡಿ ಕೊಡುತ್ತಾರೆ, ಹಾಗಾಗಿ ಅದರೊಳಗೆ ವೈಡ್‌ವೈನ್ ಇರುವುದಿಲ್ಲ. ನಿಮ್ಮ ಎರರ್‌ಗೆ ಕಾರಣ ಇಷ್ಟೇ.

ಫೈರ್‌ಫಾಕ್ಸ್ ಕೂಡ ಓಪನ್ ಸೋರ್ಸ್ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಅದು ವೈಡ್‌ವೈನನ್ನು ತನ್ನ ಜೊತೆ ಹೊತ್ತು ತರುವುದಿಲ್ಲ. ನೀವು ಒಪ್ಪಿದ ಮೇಲೆ ಬೇರೆಯಾಗಿ ಡೌನ್‌ಲೋಡ್ ಮಾಡಿಕೊಂಡು, ನಿಮ್ಮ ಫೈಲುಗಳಿಗೆ ಕೈ ಹಾಕದಂತೆ ಒಂದು ಸ್ಯಾಂಡ್‌ಬಾಕ್ಸ್‌ನಲ್ಲಿ ಕೂರಿಸುತ್ತದೆ. 2014ರಲ್ಲಿ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಡಿಆರ್‌ಎಂಗೆ ಒಪ್ಪಿದಾಗ ತುಂಬಾ ಜನ ಬೇಸರಪಟ್ಟರು. 2017ರಲ್ಲಿ ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ, ಬ್ರೌಸರ್ ಸಿಡಿಎಂ ಬಳಸುವ ಈ ವ್ಯವಸ್ಥೆಯನ್ನೇ ವೆಬ್ ಸ್ಟ್ಯಾಂಡರ್ಡ್ ಮಾಡಿದಾಗ ಡಿಜಿಟಲ್ ಹಕ್ಕುಗಳಿಗೆ ಹೋರಾಡುವ ಇಎಫ್ಎಫ್ ಸಂಸ್ಥೆ ಅಲ್ಲಿಂದ ಹೊರಗೇ ಬಂತು. ನನಗೂ ಇದು ತಪ್ಪು ಅಂತಲೇ ಅನಿಸುತ್ತದೆ. ಮೆಟಾಸ್ಟ್ರೀಮ್ ಅನ್ನುವ ಓಪನ್ ಸೋರ್ಸ್ ಬ್ರೌಸರ್ ಪ್ರಾಜೆಕ್ಟ್ ಮಾಡುತ್ತಿದ್ದವರು ವೈಡ್‌ವೈನ್ ಲೈಸೆನ್ಸ್ ಕೇಳಿ ತಿಂಗಳುಗಟ್ಟಲೆ ಕಾದರು, 2019ರಲ್ಲಿ ಬಂದ ಉತ್ತರ ಕೊಡಲ್ಲ ಅಂತ. ಹೊಸ ಬ್ರೌಸರ್ ಕಟ್ಟುವವರು ಒಂದು ಕಂಪನಿಯ ಒಪ್ಪಿಗೆಗೆ ಕಾಯಬೇಕು ಅನ್ನುವುದು ವೆಬ್ ಹುಟ್ಟಿದ ರೀತಿಗೇ ವಿರುದ್ಧ.

ಈಗ ಮಸುಕಿನ ವಿಷಯ, ಇಲ್ಲೇ ಜಾಸ್ತಿ ಗೊಂದಲ. ಡಿಆರ್‌ಎಂ ಮಾಡುವುದು ಏನು ಅಂದರೆ ಬೀಗ, ಕೀ ಎರಡನ್ನೂ ನಿಮ್ಮ ಮನೆಯಲ್ಲೇ ಇಟ್ಟು, ಕೀ ಎಲ್ಲಿದೆ ಅಂತ ನಿಮಗೇ ಗೊತ್ತಾಗದಂತೆ ನೋಡಿಕೊಳ್ಳುವುದು. ಕೋಡ್ ಓದಿ ತಿದ್ದುವ ಹಕ್ಕು ಇರುವ ಸಿಸ್ಟಂನಲ್ಲಿ ಅದು ಕಷ್ಟ. ಅದಕ್ಕೇ ವೈಡ್‌ವೈನ್‌ನಲ್ಲಿ ಮಟ್ಟಗಳಿವೆ. ಎಲ್1 ಅಂದರೆ ಬೀಗ ತೆಗೆಯುವುದು, ಚಿತ್ರ ಡಿಕೋಡ್ ಮಾಡುವುದು ಎರಡೂ ಚಿಪ್‌ನ ಒಳಗಿನ ಸುರಕ್ಷಿತ ಭಾಗದಲ್ಲೇ ನಡೆಯಬೇಕು. ಎಲ್3 ಅಂದರೆ ಬರೀ ಸಾಫ್ಟ್‌ವೇರ್. ಲಿನಕ್ಸ್ ಲ್ಯಾಪ್‌ಟಾಪ್‌ನ ಬ್ರೌಸರ್‌ಗೆ ಸಿಗುವುದು ಎಲ್3 ಮಾತ್ರ. ಎಲ್3 ಒಡೆದಿದ್ದೇನೆ ಅಂತ ಡೇವಿಡ್ ಬುಕಾನನ್ ಅನ್ನುವ ಸಂಶೋಧಕರು 2019ರ ಜನವರಿಯಲ್ಲಿ ಹೇಳಿದ್ದರು, ಹೀಗಾಗಿ ಸ್ಟುಡಿಯೋಗಳಿಗೆ ಅದರ ಮೇಲೆ ನಂಬಿಕೆ ಕಡಿಮೆ. ಎಲ್3 ಕಂಡ ಕೂಡಲೇ ಎಷ್ಟೋ ಓಟಿಟಿ ಸರ್ವರ್‌ಗಳು ಕ್ವಾಲಿಟಿ ಇಳಿಸುತ್ತವೆ, ಕೆಲವು 720ಕ್ಕೆ, ಕೆಲವು ಇನ್ನೂ ಕೆಳಗೆ. ಪೋಕೋ ಎಫ್1 ಫೋನ್ ಇಟ್ಟುಕೊಂಡಿದ್ದವರಿಗೆ ಇದು ನೆನಪಿರುತ್ತದೆ: 2018ರಲ್ಲಿ ಬಂದಾಗ ಒಳ್ಳೇ ಸ್ಕ್ರೀನ್, ಒಳ್ಳೇ ಪ್ರೊಸೆಸರ್, ಆದರೂ ಎಲ್1 ಇಲ್ಲದ್ದಕ್ಕೆ ಎಚ್‌ಡಿ ಸಿನಿಮಾ ಇಲ್ಲ. 2019ರ ಅಪ್‌ಡೇಟ್‌ನಲ್ಲಿ ಎಲ್1 ಬಂದ ಮೇಲೆ ಅದೇ ಫೋನಿನಲ್ಲಿ ಎಚ್‌ಡಿ ಓಡಿತು.

ಹಾಗಾಗಿ ನೀವು ಮಾಡಬೇಕಾದ್ದು ಸ್ವಲ್ಪವೇ. ಅಪ್ಪನಿಗೆ ಓಟಿಟಿಗೆ ಫೈರ್‌ಫಾಕ್ಸನ್ನೇ ಇಡಿ. ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂ ಕಂಟೆಂಟ್ ಪ್ಲೇ ಮಾಡುವ ಟಿಕ್ ಇರಲಿ. ಆಡ್‌ಆನ್ಸ್ ಪೇಜಿನ ಪ್ಲಗಿನ್ಸ್ ಭಾಗಕ್ಕೆ ಹೋಗಿ ವೈಡ್‌ವೈನ್ ಅಪ್‌ಡೇಟ್ ಆಗಿದೆಯಾ ನೋಡಿ, ಅದು ಹಳೇದಾದರೆ ಓಟಿಟಿ ಇದ್ದಕ್ಕಿದ್ದ ಹಾಗೆ ನಿಲ್ಲಬಹುದು. ಗೂಗಲ್ ಕ್ರೋಮ್ ಹಾಕಿದರೂ ಓಡುತ್ತದೆ, ಆದರೆ ಅಲ್ಲೂ ಅದೇ ಎಲ್3, ಕ್ವಾಲಿಟಿ ಅಷ್ಟೇನೂ ಏರುವುದಿಲ್ಲ. ಕ್ರೋಮ್‌ನ ವೈಡ್‌ವೈನ್ ಫೋಲ್ಡರನ್ನು ಕ್ರೋಮಿಯಂಗೆ ಕಾಪಿ ಮಾಡುವವರೂ ಇದ್ದಾರೆ. ಅಪ್ಪನ ಮೆಷಿನ್‌ಗೆ ಅದು ಬೇಡ, ಯಾವುದೋ ಅಪ್‌ಡೇಟ್ ಆದ ಮೇಲೆ ಕೆಟ್ಟರೆ ಅವರಿಗೆ ರಿಪೇರಿ ಗೊತ್ತಾಗುವುದಿಲ್ಲ.

ಬ್ರೌಸರ್‌ನಲ್ಲಿ ವಿಂಡೋಸ್ ಅಂತ ಸುಳ್ಳು ಹೆಸರು ತೋರಿಸುವ ಎಕ್ಸ್‌ಟೆನ್ಶನ್‌ನಿಂದ ಎಚ್‌ಡಿ ಬರುತ್ತದೆ ಅಂತ ಕಾಯಬೇಡಿ. ಪೇಜ್ ತೆರೆಯಬಹುದು, ಆದರೆ ಲೈಸೆನ್ಸ್ ಸರ್ವರ್ ನೋಡುವುದು ಸಿಡಿಎಂನ ಮಟ್ಟವನ್ನು, ಹೆಸರನ್ನಲ್ಲ. ಕೀ ಕದಿಯುವ ಟೂಲ್‌ಗಳ ಲಿಂಕ್ ಇಲ್ಲಿ ಯಾರೂ ದಯವಿಟ್ಟು ಹಾಕಬೇಡಿ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ ಪ್ರಕಾರ, ಹಕ್ಕು ಮುರಿಯುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ.

ಎಚ್‌ಡಿ ಬೇಕೇ ಬೇಕು ಅಂದರೆ ಅದೇ ಅಕೌಂಟನ್ನು ಟಿವಿಯಲ್ಲೋ ಎಲ್1 ಇರುವ ಫೋನಿನಲ್ಲೋ ನೋಡಲಿ. ಓಟಿಟಿಯ ಕಸ್ಟಮರ್ ಕೇರ್‌ಗೂ ಒಂದು ಮೇಲ್ ಹಾಕಿ: ಪೂರ್ತಿ ದುಡ್ಡು ಕಟ್ಟಿದ್ದೇವೆ, ಲಿನಕ್ಸ್‌ನಲ್ಲಿ ಎಷ್ಟು ಕ್ವಾಲಿಟಿ ಸಿಗುತ್ತದೆ ಅಂತ ಪ್ಲಾನ್ ಪೇಜಿನಲ್ಲೇ ಬರೆಯಿರಿ ಅಂತ. ನಾನೂ ಬರೆದಿದ್ದೇನೆ. ಇಷ್ಟೆಲ್ಲ ಮಾಡಿದ ಮೇಲೂ ಫೈರ್‌ಫಾಕ್ಸ್ ತೊಂದರೆ ಕೊಟ್ಟರೆ ಪ್ಲಗಿನ್ಸ್ ಪೇಜಿನ ಸ್ಕ್ರೀನ್‌ಶಾಟ್ ಹಾಕಿ, ನೋಡೋಣ.