ಐದಾರು ಮಕ್ಕಳಿರುವ ಕೂಡುಕುಟುಂಬಕ್ಕೆ ನಾಯಿಮರಿ ತರಬಹುದೇ?

ತರಬಹುದು, ಆದರೆ ಮರಿಯ ಹೊಣೆಯನ್ನು ಮಕ್ಕಳ ಮೇಲೆ ಹೊರಿಸದೆ, ಹಿರಿಯರೊಬ್ಬರು ಅದನ್ನು ತಮ್ಮ ಕೆಲಸವೆಂದು ಒಪ್ಪಿಕೊಂಡಿದ್ದರೆ ಮಾತ್ರ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬೇರ್ಪಡಿಸಿದ ಮರಿಗೆ, ಒಡಹುಟ್ಟಿದವುಗಳೊಂದಿಗೆ ಆಡುತ್ತಾ ಎಷ್ಟು ಮೆಲ್ಲಗೆ ಕಚ್ಚಬೇಕೆಂದು ಕಲಿಯುವ ಅವಕಾಶ ಸಿಕ್ಕಿರುವುದಿಲ್ಲವಾದ್ದರಿಂದ, ಅದು ಎಷ್ಟೇ ಮುದ್ದಾಗಿದ್ದರೂ ತರಬೇಡಿ.

ಇಂಥ ಮನೆಗಳಲ್ಲಿ ಮರಿಗೆ ಕೊರತೆಯಾಗುವುದು ಪ್ರೀತಿಯಲ್ಲ, ನಿದ್ದೆ. ದಿನಕ್ಕೆ ಸುಮಾರು 18 ಗಂಟೆ ಮಲಗಬೇಕಾದ ಮರಿಯನ್ನು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ದಾಟಿಸುತ್ತಲೇ ಇದ್ದರೆ, ಅದು ಸಂಜೆಯ ಹೊತ್ತಿಗೆ ರೇಗಿ, ಓಡುವ ಮಕ್ಕಳ ಲಂಗದ ಅಂಚನ್ನೋ ಹಿಮ್ಮಡಿಯನ್ನೋ ಹಿಡಿಯುತ್ತದೆ. ಮನೆಯವರು ಸುಮ್ಮನೆ ಅದಕ್ಕೆ ‘ಕಚ್ಚುವ ನಾಯಿ’ ಎಂಬ ಹೆಸರಿಡುತ್ತಾರೆ. ಓಡಾಟ ಕಡಿಮೆಯಿರುವ ಮೂಲೆಯಲ್ಲಿ ಅದಕ್ಕೊಂದು ಹಾಸು ಹಾಕಿ, ಅಲ್ಲಿ ಮಲಗಿರುವಾಗ ಮತ್ತು ತಟ್ಟೆಗೆ ಬಾಯಿ ಹಾಕಿರುವಾಗ ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿ. ಪುಟ್ಟ ಮಕ್ಕಳು ನೆಲದ ಮೇಲೆ ಕುಳಿತೇ ಆಡಿಸಲಿ, ಅದೂ ಹಿರಿಯರ ಕಣ್ಣೆದುರಿಗೆ, ಎತ್ತಿಕೊಳ್ಳುವುದು ಬೇಡ.

ಮರಿಯ ಮಲದಲ್ಲಿರುವ ಜಂತುಹುಳುವಿನ ಮೊಟ್ಟೆಗಳು ಮಣ್ಣಿನ ಮೂಲಕ ಮಕ್ಕಳ ಹೊಟ್ಟೆ ಸೇರಬಲ್ಲವಾದ್ದರಿಂದ, ಪಶುವೈದ್ಯರು ಹೇಳಿದ ಅವಧಿಗೆ ಜಂತಿನ ಔಷಧಿ ಹಾಕಿಸಲೇಬೇಕು. ರೇಬಿಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಹಾಕುವುದರಿಂದ, ಅದಕ್ಕೂ ಮೊದಲು ಹಲ್ಲು ತಾಗಿ ಗೀರು ಬಿದ್ದರೆ ‘ಸಣ್ಣ ಮರಿ ತಾನೆ’ ಎಂದು ಸುಮ್ಮನಿರದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರಿಗೆ ತೋರಿಸಿ. ಗಾಯಕ್ಕೆ ಅರಿಸಿನವನ್ನೋ ಕಾಫಿಪುಡಿಯನ್ನೋ ಮೆತ್ತಬೇಡಿ. ಒಣದ್ರಾಕ್ಷಿ, ಚಾಕೊಲೇಟು ಮತ್ತು ಈರುಳ್ಳಿ ನಾಯಿಗೆ ವಿಷವೆಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಡಿ. ತಮಗೆ ಬೇಡವಾದ ಉಪ್ಪಿಟ್ಟನ್ನು ಗುಟ್ಟಾಗಿ ಮರಿಗೆ ದಾಟಿಸುವವರು ಅವರೇ.