ಬಾಡಿಗೆ ಮನೆ: ‘ಪಾರ್ಕಿಂಗ್ ಇದೆ’ ಅಂದರೆ ಎಷ್ಟಿದೆ?

ಪ್ರಶ್ನೆ: ವರ್ಗವಾಗಿ ದಾವಣಗೆರೆಗೆ ಬರುತ್ತಿದ್ದೇವೆ. ಎರಡು ಬೆಡ್‌ರೂಮಿನ ಮನೆ ಬೇಕು. ಕ್ರೆಟಾ ಕಾರು, ಒಂದು ಸ್ಕೂಟರ್ ಇವೆ. ಪಾರ್ಕಿಂಗ್ ವಿಷಯದಲ್ಲಿ ಏನೇನು ನೋಡಿಕೊಳ್ಳಬೇಕು?
– ಓದುಗರು, ಹೊಸದುರ್ಗ

ಉತ್ತರ: ಮನೆ ನೋಡಲು ಹೋಗುವಾಗ ಜೇಬಿನಲ್ಲಿ ಟೇಪ್ ಇರಲಿ. ನಿಮ್ಮ ಕಾರು ಉದ್ದ 14 ಅಡಿಗೆ ತುಸು ಹೆಚ್ಚು, ಅಗಲ ಸುಮಾರು 6 ಅಡಿ. ಕನ್ನಡಿಗಳು ಸೇರಿದರೆ ಅಗಲ ಇನ್ನೂ ಹೆಚ್ಚು. ಬಾಗಿಲು ತೆಗೆದು ಇಳಿಯಲು ಒಂದು ಬದಿಗಾದರೂ 2 ಅಡಿ ಬೇಕು. ಹಾಗಾಗಿ ಎಂಟೂವರೆ ಅಡಿ ಅಗಲ, 16 ಅಡಿ ಉದ್ದಕ್ಕಿಂತ ಕಡಿಮೆ ಜಾಗ ಒಪ್ಪಬೇಡಿ. ಅಪಾರ್ಟ್‌ಮೆಂಟಿನಲ್ಲಿ ನೆಲಕ್ಕೆ ಬಳಿದ ಗೆರೆ ನಂಬದೆ ಎರಡು ಕಂಬಗಳ ನಡುವಿನ ಅಂತರ ಅಳೆಯಿರಿ. ಸ್ಕೂಟರ್ ಈ ಲೆಕ್ಕದಲ್ಲಿಲ್ಲ, ಅದಕ್ಕೆ ಬೇರೆಯೇ ಜಾಗ ಕೇಳಿ.

ಮನೆ ನೋಡಲು ರಾತ್ರಿ ಎಂಟರ ಮೇಲೆ ಕಾರಿನಲ್ಲೇ ಹೋಗಿ. ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಯಾವ ಪಾರ್ಕಿಂಗೂ ವಿಶಾಲವಾಗಿಯೇ ಕಾಣುತ್ತದೆ. ಒಮ್ಮೆ ಒಳಗೆ ಹಾಕಿ, ಹೊರಗೆ ತೆಗೆದು ನೋಡಿ. 30 ಅಡಿ ರಸ್ತೆಯಾದರೆ 9 ಅಡಿ ಗೇಟು ಸಾಲುತ್ತದೆ. 20 ಅಡಿ ರಸ್ತೆಯಲ್ಲಿ ಎದುರು ಮನೆಯವರ ಕಾರೂ ನಿಂತಿದ್ದರೆ 10 ಅಡಿ ಗೇಟಿಗೂ ತಿರುಗಿಸುವುದು ಕಷ್ಟ. ಚೌಕಿಪೇಟೆ, ಮಂಡಿಪೇಟೆ ಕಡೆಯ ಹಳೆಯ ಮನೆಗಳನ್ನು ಇದೇ ಕಾರಣಕ್ಕೆ ಬಿಡಿ. ವಿದ್ಯಾನಗರ, ಎಸ್.ಎಸ್. ಬಡಾವಣೆ, ಶಾಮನೂರು ರಸ್ತೆಯ ಆಸುಪಾಸು ಹುಡುಕಿ. ಬೆಳಗ್ಗೆ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ, ಬ್ರೋಕರ್ ಕೈಗೆ ಬಾರದ ‘ಬಾಡಿಗೆಗೆ ಇದೆ’ ಬೋರ್ಡುಗಳೂ ಸಿಗುತ್ತವೆ.

ಮಾಲೀಕರು ಕೆಳಗಿದ್ದು ಮೇಲಿನ ಮನೆ ಬಾಡಿಗೆಗೆ ಕೊಡುವ ಕಡೆ ಕೇಳಬೇಕಾದ ಮೊದಲ ಮಾತು: ‘ನಿಮ್ಮ ಕಾರು ಎಲ್ಲಿ ನಿಲ್ಲುತ್ತೆ ಸಾರ್?’ ಒಂದರ ಹಿಂದೆ ಒಂದು ಅಂತಾದರೆ ಬೆಳಗ್ಗೆ ಯಾರು ಮೊದಲು ಹೊರಡುತ್ತಾರೆ ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ.

ಇಂಥ ಮನೆಗಳಲ್ಲಿ ಸಂಪು ಹೆಚ್ಚಾಗಿ ಪಾರ್ಕಿಂಗ್ ಕೆಳಗೇ ಇರುತ್ತದೆ. ತೆಳು ತಗಡಿನ ಮುಚ್ಚಳವಿದ್ದರೆ ಅದರ ಮೇಲೆ ಕಾರು ಹತ್ತಿಸಲೇಬೇಡಿ. ಒಂದು ಚಕ್ರದ ಮೇಲೆಯೇ 300 ಕಿಲೋ ಆಸುಪಾಸಿನ ಭಾರ ಬೀಳುತ್ತದೆ. ಮುಚ್ಚಳ ಗಟ್ಟಿಯಿದ್ದರೂ ಟ್ಯಾಂಕರ್ ಬಂದಾಗಲೆಲ್ಲ ಕಾರು ಸರಿಸಬೇಕು. ಮುಚ್ಚಳ ಎರಡು ಚಕ್ರಗಳ ಸಾಲಿನಿಂದ ಹೊರಗೆ, ಗೋಡೆಯ ಪಕ್ಕಕ್ಕಿರುವ ಮನೆ ಒಳ್ಳೆಯದು. ಗೇಟಿನ ಮುಂದೆ ಚರಂಡಿಗೆ ಹಾಸಿದ ಚಪ್ಪಡಿಯಲ್ಲಿ ಬಿರುಕಿದೆಯೇ ನೋಡಿ. ರಸ್ತೆಗಿಂತ ಮನೆ ಒಂದು ಅಡಿ ಎತ್ತರದಲ್ಲಿದ್ದರೆ ಇಳಿಜಾರು 8–10 ಅಡಿ ಉದ್ದವಿರಬೇಕು. ಮೂರ್ನಾಲ್ಕು ಅಡಿಯಲ್ಲೇ ಏರಿಸಿದ್ದರೆ ಕಾರಿನ ತಳ ಉಜ್ಜುತ್ತದೆ.

ನೀರಿನ ಮೋಟಾರು, ಪಾರ್ಕಿಂಗ್ ದೀಪ ಯಾರ ಮೀಟರಿಗಿವೆ? ನಿಮ್ಮದಕ್ಕೇ ಇದ್ದು ತಿಂಗಳಿಗೆ 200 ಯೂನಿಟ್ ದಾಟಿದರೆ ಗೃಹಜ್ಯೋತಿ ಸಿಗದೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಅಪಾರ್ಟ್‌ಮೆಂಟಾದರೆ, ಆ ಫ್ಲ್ಯಾಟಿಗೆ ಕೊಟ್ಟಿರುವ ಪಾರ್ಕಿಂಗ್ ನಂಬರ್ ಯಾವುದೆಂದು ಅಡ್ವಾನ್ಸ್ ಕೊಡುವ ಮೊದಲೇ ಸಂಘದ ಕಾರ್ಯದರ್ಶಿಯನ್ನು ಕೇಳಿ. ಮಾಲೀಕರು ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರುವುದುಂಟು. 11 ತಿಂಗಳ ಕರಾರಿನಲ್ಲಿ ಬರೀ ‘ಪಾರ್ಕಿಂಗ್ ಸಹಿತ’ ಎಂದಿದ್ದರೆ ಸಾಲದು. ಹೀಗೆ ಬರೆಸಿ: ‘ನೆಲಮಹಡಿಯ ಇಂತಿಷ್ಟನೇ ನಂಬರಿನ, ಎಂಟೂವರೆ ಅಡಿ ಅಗಲ, 16 ಅಡಿ ಉದ್ದದ ಜಾಗ ಬಾಡಿಗೆದಾರರ ಕಾರಿಗೆ ಮಾತ್ರ, ಇದಕ್ಕೆ ಪ್ರತ್ಯೇಕ ಬಾಡಿಗೆ ಇಲ್ಲ.’ ಇಷ್ಟು ಬರೆಯಲು ಹಿಂದೇಟು ಹಾಕುವ ಕಡೆ ಅಡ್ವಾನ್ಸ್ ಕೊಡಬೇಡಿ.

ಪ್ರಶ್ನೆ: ಮನೆ ಹಿಡಿಸಿದೆ, ಪಾರ್ಕಿಂಗ್ ಇಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಕಾರು ನಿಲ್ಲಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಸೈಟಿನ ಮಾಲೀಕರು ಒಪ್ಪಿದರೆ ಮಾತ್ರ, ಅದೂ ತಾತ್ಕಾಲಿಕವಾಗಿ, ಅವರು ಪಾಯ ತೆಗೆದ ದಿನ ನಿಮ್ಮ ಜಾಗ ಹೋಯಿತು. ಎರೆಮಣ್ಣಾದರೆ ಮಳೆಗಾಲದಲ್ಲಿ ಚಕ್ರ ಹೂತುಕೊಳ್ಳುತ್ತದೆ. ಚಕ್ರ ಓಡುವ ಎರಡು ಪಟ್ಟಿಗಷ್ಟೇ ಜಲ್ಲಿ, ಮೇಲೆ ಗ್ರಾವೆಲ್ ಹಾಕಿಸಿ. ಗಿಡಗಂಟಿ ಬೆಳೆದಲ್ಲಿ ಇಲಿಗಳು ಬಾನೆಟ್ಟಿನೊಳಗೆ ಸೇರಿ ವೈರ್ ಕಡಿಯುತ್ತವೆ. ಮಂಡಕ್ಕಿ ಭಟ್ಟಿಗಳ ಹತ್ತಿರವಾದರೆ ಕಾರಿನ ಮೇಲೆ ಬೂದಿ ಬೀಳುತ್ತದೆ. ಅದನ್ನು ಒಣಬಟ್ಟೆಯಲ್ಲಿ ಒರೆಸಿದರೆ ಬಣ್ಣಕ್ಕೆ ಗೀರು. ಮೊದಲು ನೀರು ಸುರಿದು ಇಳಿಸಿ.